ಪೀಚು ಕೋಳಿಯ ಅಳತೆ

ಬೆಳಕಿನ್ನೂ ಪೂರ್ತಿ ಹರಿದಿಲ್ಲ. ಬಸ್ ರಿಪೇರಿ ಶೆಡ್ಡಿನ ಹಿಂದಿನ ಓಣಿಯ ಒಂದು ಹಿತ್ತಿಲಲ್ಲಿ ಹೆಂಗಸೊಬ್ಬರು ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂರುತ್ತಾರೆ, ಏಳುತ್ತಾರೆ, ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಮತ್ತೆ ಸುತ್ತುತ್ತಾರೆ, ಮತ್ತೆ ಕೂರುತ್ತಾರೆ. ಅವರ ಕೈಯಲ್ಲೊಂದು ಮರದ ಚಕ್ಕೆ. ಅದನ್ನು ಈ ಕೈಯಿಂದ ಆ ಕೈಗೆ, ಆ ಕೈಯಿಂದ ಈ ಕೈಗೆ ಬದಲಾಯಿಸುತ್ತಲೇ ಇದ್ದಾರೆ. ಸುತ್ತಮುತ್ತಲಿನವರೆಲ್ಲ ಇವರನ್ನು ಕರೆಯುವುದು ಗಡಿಬಿಡಿ ಅಕ್ಕ ಎಂದು. ಸುಮ್ಮನೆ ಕರೆಯುವುದಿಲ್ಲ.

ಹಿತ್ತಿಲ ನಡುವೆ ತಗಡಿನ ಡಬ್ಬವೊಂದಿದೆ, ಅಕ್ಕನೇ ಮಾಡಿದ್ದು. ಅದರ ಮುಂದೆ ನಾಲಗೆ ಚಾಚಿದ ಹಾಗೆ ಒಂದು ಹಲಗೆ. ಕೋಳಿ ಹಲಗೆ ಹತ್ತಿ ನಿಂತರೆ ಡಬ್ಬದ ಮುಚ್ಚಳ ತೆರೆಯುತ್ತದೆ, ಒಳಗಿನ ಕಾಳು ಸಿಗುತ್ತದೆ. ಇಳಿದರೆ ಟಪ್ಪನೆ ಮುಚ್ಚಿಕೊಳ್ಳುತ್ತದೆ. ಇಲಿ ಹತ್ತಿದರೆ ಹಲಗೆ ಕದಲುವುದಿಲ್ಲ, ಅದಕ್ಕೆ ಅಷ್ಟು ಭಾರವಿಲ್ಲ. ಕದಲುವ ಮುಚ್ಚಳಕ್ಕೆ ಕೋಳಿಗಳು ಹೆದರುತ್ತವೆಂದು ಇಷ್ಟು ದಿನ ಮುಚ್ಚಳದ ಸಂದಿಗೆ ಚಕ್ಕೆ ಸಿಕ್ಕಿಸಿ ತೆರೆದೇ ಇಟ್ಟಿದ್ದರು. ಇವತ್ತು ಚಕ್ಕೆ ತೆಗೆದಾಗಿದೆ. ಮುಚ್ಚಳ ಮುಚ್ಚಿದೆ. ಇನ್ನು ಕೋಳಿಯೇ ತೆರೆದುಕೊಳ್ಳಬೇಕು.

ಎಲ್ಲ ಕೋಳಿಗಳೂ ಅಲ್ಲ, ಒಂದೇ ಒಂದು. ಗೂಡಿನ ಬಾಗಿಲಲ್ಲಿ ನಿಂತಿರುವ ಮನೆಯೊಡತಿ ಉಳಿದವನ್ನೆಲ್ಲ ಒಳಗೇ ಕೂಡಿಹಾಕಿ, ಎಲ್ಲಕ್ಕಿಂತ ಚಿಕ್ಕದನ್ನು ಮಾತ್ರ ಹೊರಗೆ ಬಿಡಲಿದ್ದಾರೆ. ಅದರ ಹೆಸರು ಪೀಚಿ. ಇವತ್ತು ಪೀಚಿ ತನ್ನ ಕಾಲ ಮೇಲೆ ತಾನು ನಿಂತು ಉಣ್ಣದಿದ್ದರೆ ಕೋಳಿ ಅಂಗಡಿಯವನು ಬಂದು ಎಲ್ಲವನ್ನೂ ಬುಟ್ಟಿಗೆ ತುಂಬಿಕೊಂಡು ಹೋಗುತ್ತಾನೆ. ಇಲಿಗಳಿಗೂ ಸೇರಿಸಿ ಕಾಳು ಹಾಕಿ ಕೋಳಿ ಸಾಕುವುದು ಇನ್ನಾಗದು ಎಂದು ಮಾತು ಮುಗಿದಿದೆ. ಬೆಳಗ್ಗೆಯೇ ಬರಲು ಹೇಳಿಯಾಗಿದೆ. ಮನೆಯೊಡತಿ ಅಕ್ಕನ ಮುಖ ಕೂಡ ನೋಡುತ್ತಿಲ್ಲ.

ಈ ಮನೆಯೊಡತಿಯನ್ನು ಓಣಿ ಮೊಟ್ಟೆ ದೊಡ್ಡಮ್ಮ ಎನ್ನುತ್ತದೆ. ಯಾರಿಗೆ ದೊಡ್ಡಮ್ಮ ಎಂದು ಕೇಳಬೇಡಿ, ಎಲ್ಲರಿಗೂ. ಶೆಡ್ಡಿನ ಮೆಕ್ಯಾನಿಕ್ಕುಗಳು, ಬೇಕರಿಯವನು, ಎದುರುಮನೆ ಬಾಣಂತಿ, ಎಲ್ಲರಿಗೂ ಮೊಟ್ಟೆ ಹೋಗುವುದು ಈ ಹಿತ್ತಿಲಿನಿಂದಲೇ. ಅದರಲ್ಲೇ ಅವರ ಜೀವನ, ಅದರಲ್ಲೇ ಅವರ ಗತ್ತು. ಇಂಥವರು ಒಮ್ಮೆ ಮಾತು ಬಿಟ್ಟರೆ ಮುಗಿಯಿತು. ಅಕ್ಕನ ಜತೆ ಅವರು ಮಾತು ಬಿಟ್ಟು ಬಹಳ ದಿನವಾಗಿದೆ. ಡಬ್ಬ ಮತ್ತೆ ತರಲು ಒಪ್ಪಿದ್ದು ಕೂಡ ಬಾಯಲ್ಲಿ ಹೇಳಿ ಅಲ್ಲ, ಹಿತ್ತಿಲ ಬಾಗಿಲ ಚಿಲಕ ಹಾಕದೆ ಬಿಟ್ಟು.

ಹೀಗೇಕಾಯಿತು ಎಂದು ತಿಳಿಯಬೇಕಾದರೆ ಅಕ್ಕನ ಅಂಗಡಿಗೆ ಹೋಗಬೇಕು.

ಅಂಗಡಿ ಎನ್ನುವುದು ದೊಡ್ಡ ಮಾತು. ಮುಂದಿನ ಕೋಣೆಯಲ್ಲಿ ಗಂಡನ ಹೊಲಿಗೆ ಯಂತ್ರ, ಹಿಂದಿನ ಕೋಣೆಯಲ್ಲಿ ಹೆಂಡತಿಯ ತಗಡು. ಮುಂದೆ ಕಟಕಟ, ಹಿಂದೆ ಧಡಧಡ. ಗಂಡ ಟೈಲರ್, ಬೆಳಗ್ಗೆ ಯಂತ್ರದ ಮುಂದೆ ಕೂತರೆ ಊಟಕ್ಕೆ ಮಾತ್ರ ಏಳುವ ಆಸಾಮಿ. ಹೆಂಡತಿ ಕಾಲಿಗೆ ಚಕ್ರ ಕಟ್ಟಿಕೊಂಡವರು. ಅವರಪ್ಪ ಟ್ರಂಕು, ಆಲಿಕೆ, ಎಣ್ಣೆ ಡಬ್ಬ ಮಾಡುತ್ತಿದ್ದರು. ಮಗಳು ಅಪ್ಪನ ಪಕ್ಕ ಕೂತು ತಗಡು ಕತ್ತರಿಸುವುದನ್ನೂ ಅಂಚು ಮಡಿಸುವುದನ್ನೂ ಬೆಸುಗೆ ಹಾಕುವುದನ್ನೂ ಕಲಿತರು. ಆಮೇಲೆ ಪ್ಲಾಸ್ಟಿಕ್ ಬಂತು. ಆಲಿಕೆ ಕೇಳುವವರಿಲ್ಲ, ಟ್ರಂಕು ಮೂಸುವವರಿಲ್ಲ. ಒಂದಷ್ಟು ಕಾಲ ಅಕ್ಕ ಸೋರುವ ಬಕೆಟ್ಟುಗಳಿಗೆ ತೇಪೆ ಹಾಕಿಕೊಂಡು ದಿನ ತಳ್ಳಿದರು. ಗಂಡ ಹೊಲಿದ ಅಂಗಿಗಳಿಗೆ ಗುಂಡಿ ಹಾಕಿಕೊಡುತ್ತಾ ಕೂರುವುದು ಅವರಿಂದಾಗದ ಕೆಲಸ. "ಸೂಜಿ ಹಿಡ್ಕೊಂಡ್ರೆ ನನಗೆ ನಿದ್ದೆ ಬರುತ್ತೆ, ಸುತ್ತಿಗೆ ಹಿಡ್ಕೊಂಡ್ರೆ ಎಚ್ಚರ ಆಗುತ್ತೆ" ಎಂದು ನಗುತ್ತಾರೆ. ಅಂಗೈ ತುಂಬ ತಗಡು ಕೊಯ್ದ ಗೆರೆಗಳು. ಸುತ್ತಿಗೆ ಸದ್ದಿಗೆ ಎಡಗಿವಿ ಮಂದವಾಗಿದೆ. ಗಂಡನ ಯಂತ್ರ ಇರುವುದು ಎಡಕ್ಕೇ, ಅದೇ ಸಂಸಾರದ ಗುಟ್ಟು ಎಂದು ಟೈಲರ್ ಹೇಳುತ್ತಾರೆ.

ಕೋಳಿ ಡಬ್ಬದ ಹುಚ್ಚು ಹಿಡಿಸಿದ್ದು ಇಲಿಗಳೇ. ನೆರೆಯವರೊಬ್ಬರು ಕೋಳಿಗೆ ಕಾಳು ಹಾಕುವ ಪ್ಲಾಸ್ಟಿಕ್ ಡಬ್ಬ ತಂದು, ತೂತಾಗಿದೆ, ತೇಪೆ ಹಾಕಿ ಎಂದರು. ಅಕ್ಕ ನೋಡಿದರೆ ತೂತಲ್ಲ, ಬಾಗಿಲು! ಇಲಿಗಳು ಅಚ್ಚುಕಟ್ಟಾಗಿ ಕೊರೆದು ಹೋಗಿಬಂದು ಮಾಡಿಕೊಂಡಿದ್ದವು. ಅವತ್ತು ಶುರುವಾದದ್ದು. ಮೊದಲು ತಗಡಿನ ತೊಟ್ಟಿ ಮಾಡಿದರು. ಇಲಿ ಮೇಲಿಂದ ಇಳಿಯಿತು. ತಂತಿಯಲ್ಲಿ ತೂಗುಹಾಕುವಂಥದ್ದು ಮಾಡಿದರು. ತಂತಿ ಹಿಡಿದು ಜಾರಿ ಬಂತು. ಕೊನೆಗೆ ಈ ತುಳಿಯುವ ಹಲಗೆಯ ಡಬ್ಬ. ಇದು ಕೈ ಹಿಡಿಯಿತು. ಬಾಯಿಂದ ಬಾಯಿಗೆ ಸುದ್ದಿ ಹೋಗಿ, ಕೋಳಿ ಸಾಕುವವರು ಹುಡುಕಿಕೊಂಡು ಬರತೊಡಗಿದರು.

ಬಂದವರಿಗೆ ಸುಲಭದಲ್ಲಿ ಡಬ್ಬ ಸಿಗುವುದಿಲ್ಲ, ಅದು ಬೇರೆ ಮಾತು. "ಎಲ್ರೂ ಕೇಳೋದು ಒಂದೇ, ಎಷ್ಟು ಕಾಳು ಹಿಡಿಯುತ್ತೆ? ಡಬ್ಬ ಎಷ್ಟು ಹಿಡಿದ್ರೇನು ಸ್ವಾಮಿ, ಉಣ್ಣೋರು ಯಾರು ಅಂತ ಹೇಳಿ ಮೊದಲು" ಎಂದು ಅಕ್ಕ ದಬಾಯಿಸುತ್ತಾರೆ. ಕೋಳಿ ಎಂಥದ್ದು, ಗೂಡು ಎಲ್ಲಿದೆ, ಪಕ್ಕದಲ್ಲಿ ಗೋಡೆ ಇದೆಯಾ, ಕಾಳನ್ನು ನೆಲಕ್ಕೆ ಚೆಲ್ಲುವ ಅಭ್ಯಾಸ ಇದೆಯಾ. ಮನೆಗೇ ಹೋಗಿ ಕೋಳಿಯನ್ನು ಕೈಯಲ್ಲೆತ್ತಿ ತೂಗಿ ನೋಡಿ, ಅದರ ಭಾರಕ್ಕೆ ತಕ್ಕ ಹಾಗೆ ಮುಚ್ಚಳದ ಹಿಂದಿನ ಬೋಲ್ಟಿಗೆ ಕಬ್ಬಿಣದ ಬಿಲ್ಲೆ ಪೋಣಿಸುತ್ತಾರೆ. ಬಿಲ್ಲೆ ಹೆಚ್ಚಿದರೆ ಮುಚ್ಚಳ ಬಿಗಿ, ಇಳಿಸಿದರೆ ಹಗುರ. ದೊಡ್ಡಮ್ಮನ ಮನೆಗೂ ಹೀಗೆಯೇ ಹೋಗಿದ್ದರು. "ಒಂದು ಕೋಳಿ ಕೊಡಿ ದೊಡ್ಡಮ್ಮ, ಅಳತೆಗೆ" ಎಂದಾಗ ದೊಡ್ಡಮ್ಮ ಗೂಡಿನೊಳಗಿಂದ ಎತ್ತಿಕೊಂಡು ಬಂದದ್ದು ದೊರೆಸಾನಿಯನ್ನು.

ದೊರೆಸಾನಿ ಎಂದರೆ ಆ ಹಿತ್ತಿಲ ಯಜಮಾನಿ. ಮೈತುಂಬ ಕೆಂಪು ಗರಿ, ಎರಡು ಕೈಯಲ್ಲಿ ಎತ್ತಬೇಕು. ಅಕ್ಕ ಎತ್ತಿದರು, ಮೆಚ್ಚಿದರು, ಬಿಲ್ಲೆ ಪೋಣಿಸಿದರು. ಡಬ್ಬ ಕೂತಿತು. ಇಲಿಗಳು ಬಂದ ದಾರಿಗೆ ಸುಂಕವಿಲ್ಲದೆ ಹೋದವು.

ಆಮೇಲೆ ನಡೆದದ್ದನ್ನು ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದು. ಡಬ್ಬದಲ್ಲಿ ಕಾಳು ಇಳಿಯುವುದೇ ನಿಂತುಹೋಯಿತು. ದೊಡ್ಡಮ್ಮನಿಗೆ ಖುಷಿಯೋ ಖುಷಿ. "ಇಲಿ ಎಷ್ಟು ತಿಂತಿದ್ವು ನೋಡಿ! ಈಗ ತುಂಬಿದ ಡಬ್ಬ ತುಂಬಿದ ಹಾಗೇ ಇದೆ" ಎಂದು ಮೊಟ್ಟೆ ಕೊಡುವ ಮನೆಯಲ್ಲೆಲ್ಲ ಹೇಳಿಕೊಂಡು ಬಂದರು. ಅಕ್ಕನ ಹೆಸರು ಓಣಿ ದಾಟಿ ಹೋಯಿತು. ಅಷ್ಟರಲ್ಲಿ ಮೊಟ್ಟೆ ಕಡಿಮೆಯಾದವು. ಹವಾಮಾನ ಎಂದುಕೊಂಡರು, ಗರಿ ಉದುರಿಸುವ ಕಾಲ ಎಂದುಕೊಂಡರು. ಒಂದು ಬೆಳಗ್ಗೆ ಪೀಚಿಯ ಜೊತೆ ಹುಟ್ಟಿದ ಚಿಕ್ಕ ಕೋಳಿ ಡಬ್ಬದ ಪಕ್ಕದಲ್ಲೇ ಸತ್ತು ಬಿದ್ದಿತ್ತು. ದೊಡ್ಡಮ್ಮ ಕೈಗೆತ್ತಿಕೊಂಡು ಕತ್ತಿನ ಬುಡದ ಚೀಲ ಮುಟ್ಟಿ ನೋಡಿದರು. ಒಂದು ಕಾಳೂ ಇಲ್ಲ. ಉಳಿದವನ್ನು ಒಂದೊಂದಾಗಿ ಹಿಡಿದು ಮುಟ್ಟಿದರು. ಎಲ್ಲ ಖಾಲಿ. ಎದುರಿಗೆ ಡಬ್ಬದ ಕಂಠಮಟ್ಟ ಕಾಳು.

ಅವರು ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು ಎನ್ನುತ್ತಾರೆ ಅಕ್ಕ. ಡಬ್ಬವನ್ನು ತಲೆಯ ಮೇಲೆ ಹೊತ್ತು ತಂದು ಅಂಗಡಿಯ ಬಾಗಿಲಲ್ಲಿ ಬೋರಲು ಹಾಕಿ, ತುಟಿ ಪಿಟಕ್ಕೆನ್ನದೆ ಹೊರಟುಹೋದರು. ಕಾಳೆಲ್ಲ ಹೊಸ್ತಿಲ ಮೇಲೆ ಚೆಲ್ಲಿತು. "ಆ ಕಾಳು ಗುಡಿಸೋಕೆ ನನಗೆ ಕೈ ಬರಲಿಲ್ಲ. ಇವರೇ ಯಂತ್ರ ಬಿಟ್ಟೆದ್ದು ಬಂದು ಗುಡಿಸಿದ್ರು" ಎನ್ನುವಾಗ ಅಕ್ಕನ ದನಿ ಇಳಿಯುತ್ತದೆ. ಟೈಲರ್ ಊಟಕ್ಕಲ್ಲದೆ ಎದ್ದರೆಂದರೆ ಸಂಗತಿ ಎಷ್ಟು ದೊಡ್ಡದು ಎಂದು ತಿಳಿಯಬಹುದು.

ಡಬ್ಬದಲ್ಲಿ ಕುಂದಿಲ್ಲ. ಹಲಗೆ ಒತ್ತಿದರೆ ಮುಚ್ಚಳ ಏಳುತ್ತದೆ, ಬಿಟ್ಟರೆ ಮುಚ್ಚುತ್ತದೆ. ಹಾಗಾದರೆ ಕೋಳಿಗಳು ಏಕೆ ಉಣ್ಣಲಿಲ್ಲ? ಅಕ್ಕ ಒಳಗೆ ಹೋದರು, ಹೊರಗೆ ಬಂದರು, ಡಬ್ಬ ಬಿಚ್ಚಿದರು, ಜೋಡಿಸಿದರು, ಬಾಲ ಸುಟ್ಟ ಬೆಕ್ಕಿನ ಹಾಗೆ ಮನೆಯೆಲ್ಲ ತಿರುಗಿದರು. ಟೈಲರಿಗೆ ತಲೆಸುತ್ತು ಬಂದಿರಬೇಕು. ನೂಲು ಕಚ್ಚಿ ತುಂಡರಿಸಿ ಒಂದೇ ಮಾತು ಕೇಳಿದರು.

"ಅಳತೆ ಯಾರದ್ದು ತಗೊಂಡೆ?"

"ಕೋಳೀದು."

"ಯಾವ ಕೋಳೀದು?"

"ದೊರೆಸಾನೀದು. ದೊಡ್ಡಮ್ಮನೇ ಎತ್ಕೊಂಡು ಬಂದು ಕೊಟ್ರು."

"ಸರಿಹೋಯ್ತು. ಯಜಮಾನನ ಅಳತೆ ತಗೊಂಡು ಮನೆಮಂದಿಗೆಲ್ಲ ಅಂಗಿ ಹೊಲಿದಂಗಾಯ್ತು."

ಅಕ್ಕನಿಗೆ ಆಗ ಒಂದೊಂದೇ ಎಳೆ ಬಿಚ್ಚಿಕೊಂಡಿತು. ದೊರೆಸಾನಿ ಹಲಗೆ ಹತ್ತಿ ನಿಲ್ಲುತ್ತಿದ್ದಳು, ಮುಚ್ಚಳ ಏಳುತ್ತಿತ್ತು, ಉಳಿದವು ಅವಳ ಅಕ್ಕಪಕ್ಕದಿಂದ ಕತ್ತು ತೂರಿಸಿ ತಿನ್ನುತ್ತಿದ್ದವು. ಎಲ್ಲರ ಊಟ ಒಬ್ಬಳ ಕಾಲ ಮೇಲೆ. ಅಷ್ಟರಲ್ಲಿ ದೊರೆಸಾನಿ ಕಾವಿಗೆ ಕೂತಳು. ಮೊಟ್ಟೆ ಬಿಟ್ಟು ಏಳಳು. ದೊಡ್ಡಮ್ಮ ಅವಳಿಗೆ ಮೂಲೆಗೇ ಬಟ್ಟಲಲ್ಲಿ ಕಾಳು ಇಟ್ಟರು, ಬಾಣಂತನ ಮಾಡಿದ ಹಾಗೆ. ಉಳಿದವು ಡಬ್ಬದ ಮುಂದೆ ಕಾಯುತ್ತಾ ನಿಂತವು. ಹುಳುಹುಪ್ಪಟೆ ಕೆದಕಿ ಎಷ್ಟು ದಿನ ನಡೆದೀತು?

ಇದು ಮನೆಗೇ ಹೋಗಿ ಕೋಳಿ ತೂಗುವ ಅಕ್ಕನಂಥವರಿಗೆ ಮಾತ್ರ ಆಗಬಹುದಾದ ತಪ್ಪು. ಕೋಳಿ ತೋರಿಸಿ ಎಂದರೆ ಸಾಕಿದವರು ಯಾವುದನ್ನು ತರುತ್ತಾರೆ? ಬಂದವರೆದುರು ಮನೆಯ ಬಡಕಲನ್ನು ಯಾರಾದರೂ ಎತ್ತಿ ತೋರಿಸುತ್ತಾರಾ? ಎಲ್ಲರೂ ತಮ್ಮ ಹೆಮ್ಮೆಯನ್ನೇ ಎತ್ತಿಕೊಂಡು ಬಂದಿದ್ದರು. ಅಕ್ಕ ಎಲ್ಲರ ಹೆಮ್ಮೆಯನ್ನೇ ತೂಗಿದ್ದರು.

ಮರುದಿನದಿಂದ ಅಕ್ಕನಿಗೆ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಡಬ್ಬ ಕೊಟ್ಟ ಮನೆಗಳೆಲ್ಲ ಕಣ್ಣ ಮುಂದೆ ಬಂದವು. ಸೈಕಲ್ಲಿಗೆ ಪಾನಾ, ಬಿಲ್ಲೆ, ಎಣ್ಣೆ ಕುಡಿಕೆ ಇದ್ದ ಚೀಲ ಸಿಕ್ಕಿಸಿಕೊಂಡು ಕತ್ತಲು ಹರಿಯುವ ಮುನ್ನವೇ ಹೊರಟರು. ಕೋಳಿಗಳ ಮೊದಲ ಊಟ ನೋಡಬೇಕಲ್ಲ. ಒಂದು ಮನೆಯಲ್ಲಿ ನಾಯಿ ಅಟ್ಟಿಸಿಕೊಂಡು ಬಂತು. ಇನ್ನೊಂದು ಕಡೆ ಗೋಡೆಯ ಮೇಲೆ ಕತ್ತು ಚಾಚಿ ನಿಂತವರನ್ನು ಕಂಡು ಆ ಮನೆಯ ಅತ್ತೆ "ಕಳ್ಳಿ, ಕಳ್ಳಿ" ಎಂದು ಕೂಗಿ ಬೀದಿಯನ್ನೇ ಎಬ್ಬಿಸಿದರು. "ಕೋಳಿ ಕದಿಯೋಕಲ್ಲ ಅತ್ತೆಮ್ಮ, ಉಂಡ್ವಾ ಅಂತ ನೋಡೋಕೆ ಬಂದೆ" ಎಂದರೆ ನಂಬುವವರು ಯಾರು? ಪುಣ್ಯಕ್ಕೆ ಸೊಸೆ ಗುರುತು ಹಿಡಿದರು.

ನೋಡಿದರೆ ಎಲ್ಲ ಕಡೆಯೂ ಅದೇ ಕಥೆ. ಮನೆಗೊಬ್ಬ ದೊರೆಸಾನಿ, ಅವಳ ಕೃಪೆಯಲ್ಲಿ ಉಳಿದವರ ಹೊಟ್ಟೆ. ಆ ದೊರೆಸಾನಿಯರಿಗೆ ಇನ್ನೂ ಏನೂ ಆಗಿರಲಿಲ್ಲ, ಅಷ್ಟೇ.

ಅಲ್ಲಿಂದ ಅಕ್ಕನ ಪ್ರಶ್ನೆ ಬದಲಾಯಿತು. "ನಿಮ್ಮನೆಯ ಪೀಚು ಕೋಳಿ ತೋರಿಸಿ" ಎಂದು ಕೇಳತೊಡಗಿದರು. ಜನಕ್ಕೆ ಮೂಗಿನ ತುದಿಯಲ್ಲಿ ಸಿಟ್ಟು. ಒಂದು ಮನೆಯ ಹೆಂಗಸು ಮುಖ ಊದಿಸಿಕೊಂಡು, "ನಮ್ಮನೇಲಿ ಪೀಚು ಗೀಚು ಯಾವುದೂ ಇಲ್ಲ, ಎಲ್ಲ ಗಟ್ಟಿಮುಟ್ಟಾಗಿವೆ" ಎಂದರು. ಅವರ ಬೆನ್ನ ಹಿಂದೆ ಗೂಡಿನ ಸಂದಿಯಿಂದ ಅರ್ಧ ಗರಿ ಉದುರಿದ ಬಡಕಲೊಂದು ಇಣುಕಿ ನೋಡುತ್ತಿತ್ತು. "ಅದು ನಮ್ಮದಲ್ಲ, ಪಕ್ಕದ್ಮನೇದು ಆಗಾಗ ಬರುತ್ತೆ" ಎಂದರು. ಅಕ್ಕ ಪಕ್ಕದ್ಮನೇದನ್ನೇ ಎತ್ತಿ ಅಳತೆ ತೆಗೆದುಕೊಂಡರು.

ಬಿಲ್ಲೆ ಇಳಿಸಿದರೆ ಕೆಲಸ ಮುಗಿಯಿತಲ್ಲ ಎಂದು ನಮಗನ್ನಿಸುತ್ತದೆ. ಮುಗಿಯಲಿಲ್ಲ. ಪೀಚು ಕೋಳಿಯ ಭಾರಕ್ಕೆ ಹೊಂದಿಸಿದ ಡಬ್ಬವನ್ನು ಅಕ್ಕ ಮೊದಲು ತಮ್ಮ ಹಿತ್ತಿಲಲ್ಲೇ ಇಟ್ಟು ನೋಡಿದರು. ಬೆಳಗ್ಗೆ ಎದ್ದು ನೋಡಿದರೆ ಡಬ್ಬ ಗುಡಿಸಿ ಸಾರಿಸಿದ ಹಾಗಿತ್ತು. ಸುತ್ತ ಹಿಕ್ಕೆ. ಇಲಿಯಲ್ಲ, ಹೆಗ್ಗಣ. ಇಲಿಗೆ ಭಾರವಿಲ್ಲ ಸರಿ. ಉಂಡು ಕೊಬ್ಬಿದ ಹೆಗ್ಗಣಕ್ಕೂ ಹೊಟ್ಟೆಗಿಲ್ಲದ ಪೀಚು ಕೋಳಿಗೂ ತೂಕದಲ್ಲಿ ಏನು ದೊಡ್ಡ ವ್ಯತ್ಯಾಸ? ಒಂದನ್ನು ಒಳಗೆ ಬಿಟ್ಟರೆ ಇನ್ನೊಂದೂ ಬರುತ್ತದೆ. ಒಂದನ್ನು ತಡೆದರೆ ಇನ್ನೊಂದು ಸಾಯುತ್ತದೆ. ಅಕ್ಕ ಆ ದಿನ ಊಟ ಬಿಟ್ಟರು. "ಅಪ್ಪ ಇದ್ದಿದ್ರೆ ಟ್ರಂಕೇ ಮಾಡು ಮಗಳೇ, ಟ್ರಂಕಿಗೆ ಹೊಟ್ಟೆ ಹಸಿಯಲ್ಲ ಅಂತಿದ್ದ" ಎಂದುಕೊಂಡರಂತೆ.

ಮುಸ್ಸಂಜೆ ಹೊತ್ತಿಗೆ ಹಿತ್ತಿಲ ಕಿಟಕಿಯ ಹಿಂದೆ ಕಣ್ಣಲ್ಲಿ ಕಣ್ಣಿಟ್ಟು ಕೂತರು. ಹೆಗ್ಗಣ ಬಂತು, ಮಾವನ ಮನೆಗೆ ಬಂದ ಅಳಿಯನ ಹಾಗೆ ಹಲಗೆ ಹತ್ತಿತು. ಮುಚ್ಚಳ ಎದ್ದಿತು. ನಾಲ್ಕು ಹೆಜ್ಜೆ ಮುಂದೆ ಹೋಗಿ, ಪೂರಾ ಮೈಯನ್ನೇ ಡಬ್ಬದ ಬಾಯಿಗೆ ಕೊಟ್ಟು ತಿನ್ನತೊಡಗಿತು. ಕೋಳಿ ಹೀಗೆ ಮಾಡುವುದಿಲ್ಲ. ಕೋಳಿ ನಿಂತಲ್ಲೇ ನಿಂತು ಕತ್ತು ಚಾಚುತ್ತದೆ.

"ಇದಕ್ಕೆ ಕತ್ತೇ ಇಲ್ಲ!" ಎಂದು ಅಕ್ಕ ಕಿರುಚಿದ ರಭಸಕ್ಕೆ ಹೆಗ್ಗಣ ಓಡಿಹೋಯಿತು, ಮುಂದಿನ ಕೋಣೆಯಲ್ಲಿ ಸೂಜಿ ಮುರಿಯಿತು.

"ಯಾರಿಗೆ?" ಎಂದರು ಟೈಲರ್.

"ಹೆಗ್ಗಣಕ್ಕೆ!"

"ಅದಕ್ಕೇ ಇಷ್ಟು ವರ್ಷದಲ್ಲಿ ಒಂದು ಸಲಾನೂ ಕಾಲರ್ ಹೊಲಿಸೋಕೆ ಬಂದಿಲ್ಲ."

ಅಕ್ಕ ಹಲಗೆಯನ್ನು ಉದ್ದ ಮಾಡಿದರು. ತುದಿಯಲ್ಲಿ ನಿಂತರೆ ಮಾತ್ರ ಮುಚ್ಚಳ ಏಳುವಂತೆ, ಡಬ್ಬದ ಕಡೆ ಒಂದೊಂದು ಹೆಜ್ಜೆ ಬಂದಂತೆ ಮುಚ್ಚಳ ಇಳಿಯುವಂತೆ. ಕತ್ತಿದ್ದವರು ತುದಿಯಲ್ಲೇ ನಿಂತು ಉಣ್ಣಲಿ. ಕತ್ತಿಲ್ಲದವರು ಬಾಯಿ ಹತ್ತಿರ ಬರುವಷ್ಟರಲ್ಲಿ ಮುಚ್ಚಳ ಮೂಗಿಗೆ ಬಡಿಯಲಿ. ಹೆಗ್ಗಣ ಬಂದು ಮೂಗಿಗೆ ಪೆಟ್ಟು ತಿಂದು ಹೋಯಿತು. ಮತ್ತೆ ಬಂತು, ಮತ್ತೆ ತಿಂತು. ಆಮೇಲೆ ಬರಲಿಲ್ಲ. ಹೆಗ್ಗಣದ ಕಥೆ ಮುಗಿಯಿತು, ಕೋಳಿಯದ್ದು ಉಳಿಯಿತು. ಅಷ್ಟು ದೂರದ ತುದಿಯಲ್ಲಿ ನಿಂತರೆ ಪೀಚಿಯ ಕತ್ತು ಕಾಳಿಗೆ ಎಟಕುತ್ತದಾ? ಅವಳು ಹಲಗೆ ಹತ್ತುತ್ತಾಳಾ? ಜೊತೆಯವಳು ಸತ್ತದ್ದು ಇದೇ ಡಬ್ಬದ ಮುಂದೆ.

ಹಾಗಾಗಿಯೇ ಈ ಬೆಳಗ್ಗೆ, ಈ ಬಕೆಟ್ಟು, ಈ ಕೂತೇಳುವಿಕೆ.

ದೊಡ್ಡಮ್ಮ ಗೂಡಿನ ಬಾಗಿಲು ಸರಿಸುತ್ತಾರೆ. ಪೀಚಿ ಹೊರಗೆ ಬರುತ್ತಾಳೆ. ಮುಷ್ಟಿಯಷ್ಟು ಮೈ, ಅದಕ್ಕೊಂದು ಬೂದು ಬಾಲ. ಅದೇ ಹೊತ್ತಿಗೆ ಗೇಟಿನ ಬಳಿ ಸೈಕಲ್ ನಿಂತ ಸದ್ದು. ಕೋಳಿ ಅಂಗಡಿಯವನು ಖಾಲಿ ಬುಟ್ಟಿ ಇಳಿಸಿ ಗೋಡೆಯ ಮೇಲೆ ಮೊಣಕೈ ಊರುತ್ತಾನೆ. "ಇನ್ನೂ ಆಟ ಮುಗಿದಿಲ್ವಾ ಅಕ್ಕ?" ಅಕ್ಕ ತುಟಿಯ ಮೇಲೆ ಬೆರಳಿಡುತ್ತಾರೆ.

ಪೀಚಿ ಡಬ್ಬದ ಸುತ್ತ ಬರುತ್ತಾಳೆ. ಮುಚ್ಚಳವನ್ನು ಒಂದು ಕಣ್ಣಲ್ಲಿ ನೋಡುತ್ತಾಳೆ, ಆಮೇಲೆ ಇನ್ನೊಂದು ಕಣ್ಣಲ್ಲಿ. ನೆಲ ಕೆದಕುತ್ತಾಳೆ. ಡಬ್ಬದ ಮುಂದೆ ನಿಂತು, ತಿರುಗಿ, ದೊರೆಸಾನಿಯ ಮೂಲೆಯ ಕಡೆ ನೋಡುತ್ತಾಳೆ. ಕಾಯುತ್ತಾಳೆ. ಅಕ್ಕ ಬಕೆಟ್ಟಿನಿಂದ ಅರ್ಧ ಏಳುತ್ತಾರೆ. "ಅವಳು ಬರಲ್ಲ ಕಣೇ, ನೀನೇ ಹತ್ತು" ಎಂದು ಉಸಿರಲ್ಲೇ ಹೇಳುತ್ತಾರೆ. ದೊಡ್ಡಮ್ಮ ಬಾಗಿಲ ಚೌಕಟ್ಟು ಹಿಡಿದ ಕೈ ಬಿಟ್ಟಿಲ್ಲ. ಅಂಗಡಿಯವನು ಬುಟ್ಟಿಯ ಹಗ್ಗ ಬಿಚ್ಚತೊಡಗುತ್ತಾನೆ.

ಪೀಚಿ ಒಂದು ಕಾಲು ಹಲಗೆಯ ಮೇಲಿಡುತ್ತಾಳೆ. ತೆಗೆಯುತ್ತಾಳೆ. ಮತ್ತೆ ಇಡುತ್ತಾಳೆ. ಇನ್ನೊಂದನ್ನೂ ಇಡುತ್ತಾಳೆ. ಹಲಗೆ ನಿಧಾನಕ್ಕೆ ಬಗ್ಗುತ್ತದೆ, ಮುಚ್ಚಳ ಕಿರ್ ಎಂದು ಎದ್ದು ನಿಲ್ಲುತ್ತದೆ. ಪೀಚಿ ಬೆಚ್ಚಿ ರೆಕ್ಕೆ ಬಿಚ್ಚುತ್ತಾಳೆ, ಆದರೆ ಇಳಿಯುವುದಿಲ್ಲ. ಕತ್ತು ಚಾಚುತ್ತಾಳೆ. ಅಷ್ಟು ಸಣ್ಣ ಮೈಯಲ್ಲಿ ಅಷ್ಟು ಕತ್ತು ಎಲ್ಲಿತ್ತೋ! ಕೊಕ್ಕು ಕಾಳಿಗೆ ತಾಗುತ್ತದೆ. ಟಕ್. ಟಕ್ ಟಕ್. ಆಮೇಲೆ ಎಣಿಸುವವರು ಯಾರು, ತಲೆ ಎತ್ತದೆ ತಿನ್ನುತ್ತಾಳೆ.

ಅಕ್ಕ ಕಣ್ಣೊರೆಸಿಕೊಳ್ಳುತ್ತಾರೆ, ಮುಚ್ಚುಮರೆಯಿಲ್ಲದೆ. ಡಬ್ಬ ಮಾರುವವರಿಗೆ ಏನು ಆಸೆ ಎಂದು ಕೇಳಿದರೆ ಅವರಲ್ಲಿರುವುದು ಒಂದೇ ಉತ್ತರ: "ನಾನು ಮಾಡಿದ ಡಬ್ಬದ ಮುಂದೆ ಯಾವ ಕೋಳಿನೂ ಇನ್ನೊಂದು ಕೋಳಿಗೆ ಕಾಯ್ತಾ ನಿಂತಿರಬಾರದು. ಅಷ್ಟೇ ಸಾಕು."

ಅಂಗಡಿಯವನು ದೊಡ್ಡಮ್ಮನ ಮುಖ ನೋಡುತ್ತಾನೆ. ದೊಡ್ಡಮ್ಮ ಪೀಚಿ ಹೊಟ್ಟೆ ತುಂಬ ತಿಂದು ಇಳಿಯುವವರೆಗೂ ನಿಂತು, ಬಗ್ಗಿ ಅವಳನ್ನು ಎತ್ತಿಕೊಂಡು, ಕತ್ತಿನ ಬುಡದ ಚೀಲವನ್ನು ಎರಡು ಬೆರಳಲ್ಲಿ ಮುಟ್ಟಿ ನೋಡುತ್ತಾರೆ. ಬಹಳ ಹೊತ್ತು ಮುಟ್ಟುತ್ತಾರೆ. ಅಂಗಡಿಯವನು ಬುಟ್ಟಿಯನ್ನು ಮತ್ತೆ ಸೈಕಲ್ಲಿಗೆ ಕಟ್ಟಿಕೊಳ್ಳುತ್ತಾನೆ.

ದೊಡ್ಡಮ್ಮ ಒಳಗೆ ಹೋಗುತ್ತಾ ಬಾಗಿಲಲ್ಲಿ ನಿಲ್ಲುತ್ತಾರೆ. ಬೆನ್ನು ಈ ಕಡೆಗೇ ಇದೆ. ಅಷ್ಟು ದಿನದ ಮೇಲೆ ಮೊದಲ ಮಾತು.

"ಆ ಮುಚ್ಚಳ ಕಿರ್ ಅನ್ನುತ್ತೆ. ಎಣ್ಣೆ ಹಾಕ್ಬಿಟ್ಟು ಹೋಗು."

ಅಕ್ಕ ಆಗಲೇ ಚೀಲದಲ್ಲಿ ಕೈಹಾಕಿ ಎಣ್ಣೆ ಕುಡಿಕೆ ಹುಡುಕುತ್ತಿದ್ದಾರೆ. ಗೇಟಿನಲ್ಲಿ ಇನ್ನೂ ನಿಂತಿದ್ದ ಅಂಗಡಿಯವನು, "ಇಷ್ಟೆಲ್ಲ ಆದ್ಮೇಲೂ ಬೈಗುಳ ತಪ್ಪಲಿಲ್ವಲ್ಲ ಅಕ್ಕ" ಎಂದು ಕೆಣಕುತ್ತಾನೆ.

"ಬೈಗುಳ ಅಲ್ವೋ ದಡ್ಡ" ಎನ್ನುತ್ತಾರೆ ಅಕ್ಕ, ಮುಚ್ಚಳದ ಮೂಲೆಗೆ ಒಂದೊಂದೇ ಹನಿ ಬಿಡುತ್ತಾ. "ವಾಪಸ್ ಕೊಡೋ ಡಬ್ಬಕ್ಕೆ ಯಾರಾದ್ರೂ ಎಣ್ಣೆ ಹಾಕಿಸ್ತಾರಾ?"